ಪೈಲಟ್ ಸರ್ವೈವಲ್ ಕಿಟ್ ರಿವ್ಯೂ: ಬೆಲ್ಟ್ ಕಟ್ಟರ್ ಸೂಪರ್, ಗ್ಲಾಸ್ ಬ್ರೇಕರ್ ದಂಡ

ಐದಕ್ಕೆ ಮೂರು ಸ್ಟಾರ್. ಕ್ಯಾಲ್ಗರಿ ಕಡೆ ಸಣ್ಣ ವಿಮಾನ ಹಾರ್ಸೋ, ಇಲ್ಲ ಈಗಿನ್ನೂ ಕಲೀತಿರೋ ನಮ್ಮೋರು ಒಂದಷ್ಟು ಜನ ಇದೀರ, ಅದಕ್ಕೆ ಸ್ವಲ್ಪ ಉದ್ದಾನೇ ಬರೀತೀನಿ.

ಆನ್‌ಲೈನಲ್ಲಿ ಪೈಲಟ್‌ಗಳಿಗೆ ಅಂತಾನೇ ಮಾರೋ ರೆಡಿಮೇಡ್ ಕಿಟ್ ಇದು, ಕಿತ್ತಳೆ ಬಣ್ಣದ ಬ್ಯಾಗು, ಕಂಪನಿ ಹೆಸರು ಬೇಡ ಬಿಡಿ, ಎಲ್ಲಾ ಕಿಟ್ಟೂ ಹೆಚ್ಚುಕಮ್ಮಿ ಇದೇ ಥರ. ಇಲ್ಲಿ ಕಿಟ್ ಇಟ್ಕೊಳ್ಳೋದು ಶೋಕಿಗಲ್ಲ. ಕೆನಡಾದ ರೂಲ್ 602.61 ಪ್ರಕಾರ ಹೊರಟ ಏರ್‌ಪೋರ್ಟಿಂದ 25 ನಾಟಿಕಲ್ ಮೈಲಿ ಒಳಗೆ ರೇಡಿಯೋ ಸಂಪರ್ಕದಲ್ಲೇ ಸುತ್ತಾಡ್ತಿದ್ರೆ ಪರವಾಗಿಲ್ಲ, ಅದು ದಾಟಿದ್ರೆ ಸಣ್ಣ ಸಿಂಗಲ್ ಎಂಜಿನ್ ವಿಮಾನದಲ್ಲಿ ಸಾಮಾನು ಇರ್ಲೇಬೇಕು. ಕ್ಯಾಲ್ಗರಿ ಪಕ್ಕದ ಸಣ್ಣ ಏರ್‌ಪೋರ್ಟ್ ಸ್ಪ್ರಿಂಗ್‌ಬ್ಯಾಂಕಿಂದ ಪಶ್ಚಿಮಕ್ಕೆ ತಿರುಗಿದ್ರೆ ಬ್ಯಾನ್ಫ್ ಬರೋದ್ರೊಳಗೇ 25 ಖಾಲಿ, ಗೋಲ್ಡನ್‌ಗೆ ಹೋಗೋದಾದ್ರೆ ನೂರರ ಹತ್ತಿರ, ಕೆಳಗೆ ಪೂರ್ತಿ ರಾಕೀಸ್ ಬೆಟ್ಟಗಳು. ಆದ್ರೆ ರೂಲಲ್ಲಿ ಇಂಥದ್ದೇ ಸಾಮಾನು ಅಂತ ಪಟ್ಟಿ ಇಲ್ಲ. ಬೆಂಕಿ ಹಚ್ಚೋಕೆ, ಮೈಗೆ ಒಂದು ಮರೆಗೆ, ಕುಡಿಯೋ ನೀರಿಗೆ, ಮೇಲಿಂದ ಕಾಣೋ ಹಾಗೆ ಸಿಗ್ನಲ್ ಕೊಡೋಕೆ ಏನಾದ್ರೂ ಇರ್ಲಿ, ಜಾಗ ಸೀಸನ್ ನೋಡ್ಕೊಂಡು ಅಂತ ಅಷ್ಟೇ ಹೇಳುತ್ತೆ, ಹಾಗಾಗಿ ಮಾರೋರು ಏನು ಬೇಕಾದ್ರೂ ತುಂಬಿ ಕೊಡ್ತಾರೆ.

ಮೊದಲು ಒಳ್ಳೇದು. ಇದ್ರಲ್ಲಿ ಒಂದು ಕೀಚೈನ್ ಟೂಲ್ ಇದೆ, ಒಂದು ತುದೀಲಿ ಸೀಟ್ ಬೆಲ್ಟ್ ಕಟ್ಟರ್, ಇನ್ನೊಂದು ತುದೀಲಿ ಗಾಜು ಒಡೆಯೋ ಸ್ಪ್ರಿಂಗ್ ಮೊಳೆ. ಕ್ಲಬ್ ಹ್ಯಾಂಗರಲ್ಲಿ ಬದಲಾಯಿಸಿ ಬಿಸಾಕಿದ್ದ ಹಳೇ ಸೆಸ್ನಾ ಬೆಲ್ಟ್ ಒಂದು ಕೇಳಿ ಇಸ್ಕೊಂಡು ಟ್ರೈ ಮಾಡ್ದೆ. ನೇರ ಅಡ್ಡಕ್ಕೆ ಎಳೆದ್ರೆ ಮಧ್ಯದಲ್ಲಿ ಬಟ್ಟೆ ಮಡಚ್ಕೊಂಡು ಸಿಕ್ಕಾಕೊಳ್ಳುತ್ತೆ, ಅದೇ ಅಂಚಿಂದ ಓರೆಯಾಗಿ ಎಳೆದ್ರೆ ಒಂದೇ ಸಲಕ್ಕೆ ಸರ್ರಂತ ಎರಡು ತುಂಡು. ದಪ್ಪ ಗ್ಲೌಸ್ ಹಾಕ್ಕೊಂಡೂ ಆಯ್ತು. ಇದಕ್ಕೆ ಫುಲ್ ಮಾರ್ಕ್ಸ್.

ಇನ್ನೊಂದು ತುದಿ ಮಾತ್ರ ಬರೀ ಜಾಹೀರಾತು. ಅದು ಕಾರಿಗೆ ಮಾಡಿದ್ದು ಕಣ್ರೀ. ಕಾರಿನ ಪಕ್ಕದ ಗಾಜು ಟೆಂಪರ್ಡ್, ಒಳಗೇ ಬಿಗಿ ತುಂಬ್ಕೊಂಡಿರುತ್ತೆ, ಮೊಳೆ ಒಂದು ಕಡೆ ತಾಗಿದ್ರೆ ಪೂರ್ತಿ ಪುಡಿ. ಸೆಸ್ನಾ 172 ಥರದ ಸಣ್ಣ ವಿಮಾನದ ಕಿಟಕಿ ಗಾಜೇ ಅಲ್ಲ, ಅಕ್ರಿಲಿಕ್, ಅಂದ್ರೆ ಪ್ಲಾಸ್ಟಿಕ್. ಅದೇ ಹ್ಯಾಂಗರಲ್ಲಿ ಬಿದ್ದಿದ್ದ ಹಳೇ ಕಿಟಕಿ ತುಂಡಿಗೆ ಒತ್ತಿ ನೋಡ್ದೆ, ಟಕ್ ಅಂತು, ಸಾಸಿವೆ ಕಾಳಷ್ಟು ಗುಳಿ ಬಿತ್ತು, ಕಥೆ ಮುಗೀತು. ಮತ್ತೆ ಒತ್ತಿದ್ರೆ ಪಕ್ಕದಲ್ಲಿ ಇನ್ನೊಂದು ಗುಳಿ. ಕೈಗೊಡಲಿ ತಗೊಂಡು ಬಾರಿಸಿದ್ಮೇಲೇನೇ ಬಿರುಕು ಬಿಟ್ಟಿದ್ದು, ಆದ್ರೆ ಕಿಟ್ಟಲ್ಲಿ ಕೊಡಲಿ ಇಲ್ಲ! ಪೈಲಟ್ ಕಿಟ್ ಅಂತ ಹೆಸರಿಟ್ಟು ಹಿಂಗಾ ಮಾಡೋದು. ಇದಕ್ಕಿಂತ ಫ್ರೀಯಾಗಿ ಸಿಗೋ ಉಪಾಯ ಅಂದ್ರೆ ಚೆಕ್‌ಲಿಸ್ಟಲ್ಲೇ ಇರೋದು, ಫೋರ್ಸ್ಡ್ ಲ್ಯಾಂಡಿಂಗಲ್ಲಿ, ಅಂದ್ರೆ ಬೇರೆ ದಾರಿಯಿಲ್ದೆ ಸಿಕ್ಕ ಜಾಗದಲ್ಲಿ ಇಳಿಸುವಾಗ, ನೆಲ ಮುಟ್ಟೋಕೆ ಮುಂಚೆ ಡೋರ್ ಲ್ಯಾಚ್ ತೆಗೆದುಬಿಡೋದು, ಆಮೇಲೆ ಫ್ರೇಮ್ ಬಗ್ಗಿ ಬಾಗಿಲು ಜಾಮ್ ಆಗೋ ಚಾನ್ಸ್ ಕಮ್ಮಿ.

ಉಳಿದದ್ದು ಮಿಶ್ರ. ವಿಸಿಲ್ ಚೆನ್ನಾಗಿದೆ, ಮಧ್ಯ ತೂತಿರೋ ಸಿಗ್ನಲ್ ಕನ್ನಡಿ ತುಂಬಾ ಚೆನ್ನಾಗಿದೆ. ಬೆಳ್ಳಿ ಹಾಳೆ ಥರ ಕಂಬಳಿ ಗಾಳಿಗೆ ಹಿಡಿದ ತಕ್ಷಣ ಹರೀತು. ನೀರು ಶುದ್ಧ ಮಾಡೋ ಮಾತ್ರೆ ಕೊಟ್ಟಿದಾರೆ, ಹಿಮ ಕರಗಿಸೋಕೆ ಒಂದು ಸ್ಟೀಲ್ ಲೋಟ ಕೊಟ್ಟಿಲ್ಲ, ಜನವರೀಲಿ ಇಲ್ಲಿ ನೀರು ಅಂದ್ರೆ ಹಿಮಾನೇ ಅಲ್ವಾ. ಲೈಟರ್ ಇದೆ, ಆದ್ರೆ ಬ್ಯುಟೇನ್ ಸೊನ್ನೆ ಡಿಗ್ರಿಗಿಂತ ಕೆಳಗೆ ಗ್ಯಾಸೇ ಆಗಲ್ಲ, ಒಳಗಿನ ಜೇಬಲ್ಲಿ ಮೈ ಬಿಸಿಗೆ ಇಟ್ಕೊಂಡ್ರೆ ಮಾತ್ರ ಹತ್ತುತ್ತೆ. ಗಾಳ, ದಾರ ಬೇರೆ ಇದೆ, ನಾನು ಪುಳಿಚಾರು ಪಾರ್ಟಿ, ಅದನ್ನ ಪಕ್ಕದ ಮನೆ ಹುಡುಗನಿಗೆ ಕೊಟ್ಟೆ. ಕರಡಿ ಓಡಿಸೋ ಖಾರದ ಬೇರ್ ಸ್ಪ್ರೇ ಹಾಕಿಲ್ಲ, ಒಳ್ಳೇದೇ ಆಯ್ತು, ಅದು ಕ್ಯಾಬಿನ್ ಒಳಗೆ ಲೀಕ್ ಆದ್ರೆ ಕರಡಿಗಿಂತ ಮೊದಲು ಪೈಲಟ್ಟೇ ಕಣ್ಣುಮುಚ್ಚಿ ಕೂರ್ಬೇಕಾಗುತ್ತೆ.

ನನ್ನ ದೊಡ್ಡ ತಕರಾರು ಬ್ಯಾಗ್ ಸೈಜಿನ ಬಗ್ಗೆ. ಸೀಟಿನ ಹಿಂದೆ ಲಗೇಜ್ ಜಾಗದಲ್ಲೇ ಇಡ್ಬೇಕು, ಬೆಂಕಿ ಬಿದ್ರೆ ಇಲ್ಲ ಕೆರೇಲಿ ಇಳಿದ್ರೆ ಅದನ್ನ ತರೋಕೆ ಯಾರು ವಾಪಸ್ ಹೋಗ್ತಾರೆ? ಕಟ್ಟರ್, ಕನ್ನಡಿ, ವಿಸಿಲ್, ಲೈಟರ್ ಇಷ್ಟನ್ನ ಮೀನು ಹಿಡಿಯೋರು ಹಾಕೋ ಜೇಬಿನ ವೆಸ್ಟಿಗೆ ಹಾಕ್ಕೊಂಡಿದೀನಿ, ಉಳಿದದ್ದು ಹಿಂದೆ. ಮೈಸೂರಿಂದ ಅಮ್ಮ ಬಂದಿದ್ದಾಗ ಕರ್ಕೊಂಡು ಹೋದೆ, ವೆಸ್ಟ್ ನೋಡಿ "ಯಾಕೋ, ವಿಮಾನ ಸರಿಯಾಗಿಲ್ವೇನೋ" ಅಂದ್ರು. ಸರಿಯಾಗಿದೆ ಕಣಮ್ಮ ಅಂತ ಅವರ ಕೊರಳಿಗೂ ಒಂದು ವಿಸಿಲ್ ಹಾಕ್ದೆ, ದಾರಿಯುದ್ದಕ್ಕೂ ಅದನ್ನೇ ಹಿಡ್ಕೊಂಡಿದ್ರು ಪಾಪ.

ಬೀಕನ್, ಅಂದ್ರೆ ಅಪಾಯದಲ್ಲಿದೀವಿ ಅಂತ ಸಿಗ್ನಲ್ ಕಳಿಸೋ ಸಾಧನ, ಕಿಟ್ಟಲ್ಲಿ ಬರಲ್ಲ, ಬೇರೆ ತಗೊಳ್ಳಿ. ನನ್ನತ್ರ ಎಸಿಆರ್ ರೆಸ್ಕ್ಯೂಲಿಂಕ್ 400 ಇದೆ, ತಿಂಗಳ ಚಂದಾ ಇಲ್ಲ, ಆಂಟೆನಾ ಬಿಚ್ಚಿ ಬಟನ್ ಒತ್ತಿದ್ರೆ 406 ಮೆಗಾಹರ್ಟ್ಜ್‌ನಲ್ಲಿ ಸ್ಯಾಟಲೈಟಿಗೆ ಹೋಗುತ್ತೆ. ವಿಮಾನದಲ್ಲೇ ಕೂರಿಸಿರೋ ಬೀಕನ್, ಇಎಲ್‌ಟಿ, ಇದ್ಯಲ್ಲ ಅನ್ಬೇಡಿ, ಅಪ್ಪಳಿಸಿದಾಗ ಅದರ ಆಂಟೆನಾ ವೈರ್ ಕಿತ್ತೋದ್ರೆ ಮುಗೀತು, ಹಳೇ 121.5 ಮೆಗಾಹರ್ಟ್ಜ್ ಮಾತ್ರ ಇರೋ ಇಎಲ್‌ಟಿ ಆದ್ರಂತೂ ಸ್ಯಾಟಲೈಟ್‌ಗಳು 2009ರ ಫೆಬ್ರವರಿಯಿಂದ ಅದನ್ನ ಕೇಳೋದೇ ಬಿಟ್ಟಿವೆ. ತಗೊಂಡ್ಮೇಲೆ ರಿಜಿಸ್ಟರ್ ಮಾಡಿ, ಫ್ರೀ. ಕಾಂಟ್ಯಾಕ್ಟ್ ಜಾಗದಲ್ಲಿ ಇಂಡಿಯಾ ನಂಬರ್ ಕೊಡೋ ಬದ್ಲು ಇಲ್ಲೇ ಇರೋ, ನೀವು ಎಲ್ಲಿಗೆ ಹೊರಟಿದೀರ ಅಂತ ಗೊತ್ತಿರೋರ ನಂಬರ್ ಕೊಡಿ, ಸಿಗ್ನಲ್ ಬಂದ್ರೆ ಅವ್ರಿಗೇ ಕಾಲ್ ಮಾಡಿ ವಿಚಾರ್ಸೋದು.

ಕಿಟ್ ಆಫರಲ್ಲಿ ಸಿಕ್ರೆ ತಗೊಳ್ಳಿ, ಫುಲ್ ರೇಟಿಗೆ ಬೇಡ. ಕೈಗೊಡಲಿ, ಸ್ಟೀಲ್ ಲೋಟ ಬೇರೆ ತಗೋಬೇಕಾಗುತ್ತೆ.