ಸ್ಟುಡಿಯೋ ಸರ್ವರ್‌ನ ಡಿಸ್ಕ್ ಕೆಲಸ: ದುಡ್ಡಿಗೆ ಮೋಸ ಇಲ್ಲ, ಹೇಳಿದ ಟೈಮಿಗೆ ಬರಲ್ಲ

ನಮ್ಮದು ದಾವಣಗೆರೆ ವಿದ್ಯಾನಗರದ ಕಡೆ ಒಂದು ಮದುವೆ ವಿಡಿಯೋ ಸ್ಟುಡಿಯೋ. ಎಡಿಟಿಂಗ್‌ಗೆ ನಾಲ್ಕು ಸಿಸ್ಟಮ್, ಹಿಂದಿನ ರೂಮಲ್ಲಿ ಒಂದು ಲಿನಕ್ಸ್ ಸರ್ವರ್. ಮೂರು ಕ್ಯಾಮೆರಾ ಇಟ್ಟು 4ಕೆ ತೆಗೆದರೆ ಒಂದು ಮದುವೆಗೇ 400 ಜಿಬಿ ದಾಟುತ್ತೆ, ಏಪ್ರಿಲ್-ಮೇ ಬಂತು ಅಂದ್ರೆ ಕೇಳಲೇಬೇಡಿ. ಈ ಸರ್ವರ್‌ನ ಸ್ಟೋರೇಜ್ ಸರಿ ಮಾಡಿಕೊಟ್ಟವರ ಬಗ್ಗೆ ಬರೆಯುತ್ತಿದ್ದೇನೆ. ಅಂಗಡಿ ಹೆಸರು ಹಾಕಲ್ಲ, ಅವರೇ ಬೇಡ ಅಂದಿದ್ದಾರೆ. "ಇರೋದು ನಾನು, ಒಬ್ಬ ಹುಡುಗ. ಫೋನ್ ಜಾಸ್ತಿಯಾದ್ರೆ ಎತ್ತೋರು ಯಾರು ತಮ್ಮಾ?" ಈಗಲೂ ಎತ್ತಲ್ಲ, ಅದು ಬೇರೆ ಮಾತು.

ಮೊದಲು ನಮ್ಮ ಗ್ರಹಚಾರ ಕೇಳಿ. ಎರಡು ವರ್ಷದ ಹಿಂದೆ ಬೇರೊಬ್ಬರು ಬಂದು 4 ಟಿಬಿಯ ಮೂರು ಡಿಸ್ಕ್ ಸೇರಿಸಿ ಒಂದು ವಾಲ್ಯೂಮ್ ಗ್ರೂಪ್ (ಎಲ್ಲಾ ಡಿಸ್ಕಿನ ಜಾಗ ಸೇರಿದ ಒಂದೇ ರಾಶಿ) ಮಾಡಿ, ಅದರ ಜಾಗವನ್ನೆಲ್ಲ ಒಂದೇ ಪಾಲಿಗೆ, ಅಂದ್ರೆ ಒಂದೇ ಲಾಜಿಕಲ್ ವಾಲ್ಯೂಮ್‌ಗೆ ಸುರಿದು ಹೋಗಿದ್ದರು. ನೋಡೋಕೆ ಚೆನ್ನಾಗಿತ್ತು, ಒಂದೇ ಫೋಲ್ಡರ್, 10.9 ಟಿಬಿ. 12 ಇರಬೇಕಿತ್ತಲ್ಲ ಅಂತ ಆಗ ನಾನು ಜಗಳ ಆಡಿದ್ದೆ. ಡಿಸ್ಕ್ ಮಾಡುವವರದು ಸಾವಿರದ ಲೆಕ್ಕ, ಲಿನಕ್ಸ್‌ದು 1024ರ ಲೆಕ್ಕ, ಅಷ್ಟೇ. ಜಗಳ ಆಡಬೇಕಾಗಿದ್ದು ಬೇರೆ ವಿಷಯಕ್ಕೆ. ಹೀಗೆ ಸುಮ್ನೆ ಸಾಲಾಗಿ ಜೋಡಿಸಿದರೆ ಮೂರರಲ್ಲಿ ಯಾವ ಒಂದು ಡಿಸ್ಕ್ ಹೋದರೂ ಎಲ್ಲಾ ಹೋದ ಹಾಗೆ, ಅಲ್ವಾ? ಮಾರ್ಚ್ ಕೊನೆಗೆ ಎರಡನೇ ಡಿಸ್ಕಿನ ಕೆಟ್ಟ ಸೆಕ್ಟರ್‌ಗಳ ಎಣಿಕೆ ದಿನಾ ಏರತೊಡಗಿತು. ಆರು ಮದುವೆ ಇನ್ನೂ ಡೆಲಿವರಿ ಆಗಿರಲಿಲ್ಲ.

ಈ ಅಂಗಡಿಯವರು ಬಂದವರೇ ಗ್ರೂಪಿನ ಲೆಕ್ಕ ತೋರಿಸುವ ಕಮಾಂಡ್ ವಿಜಿಡಿಸ್‌ಪ್ಲೇ ಹೊಡೆದು, ಪರದೆ ಮೇಲೆ ಬೆರಳಿಟ್ಟರು. ಫ್ರೀ ಎಕ್ಸ್‌ಟೆಂಟ್ ಸೊನ್ನೆ. "ಒಂದು ಸೇರೂ ಉಳಿಸಿಲ್ವಲ್ಲ ಪುಣ್ಯಾತ್ಮ!" ನನಗೆ ಅರ್ಥ ಆಗಲಿಲ್ಲ. ಆಗ ಮಂಡಕ್ಕಿ ಲೆಕ್ಕದಲ್ಲಿ ಹೇಳಿದರು. ಭಟ್ಟಿಯಿಂದ ಬಂದ ಚೀಲಗಳು ಡಿಸ್ಕ್. ಎಲ್ಲಾ ಸುರಿದ ರಾಶಿ ವಾಲ್ಯೂಮ್ ಗ್ರೂಪ್. ಅಳೆದು ಕೊಡುವ ಸೇರು ಎಕ್ಸ್‌ಟೆಂಟ್, ಲಿನಕ್ಸ್‌ನಲ್ಲಿ ನಾವು ಬೇರೆ ಹೇಳದಿದ್ದರೆ 4 ಎಂಬಿ. ಗಿರಾಕಿ ಕೈಗೆ ಹೋಗುವ ಪೊಟ್ಟಣ ಲಾಜಿಕಲ್ ವಾಲ್ಯೂಮ್. ಯಾವ ಸೇರು ಯಾವ ಚೀಲದ್ದು ಅನ್ನೋದು ಗಿರಾಕಿಗೆ ಬೇಕಿಲ್ಲ, ಅಂಗಡಿಯವನಿಗೆ ಗೊತ್ತಿದ್ದರೆ ಸಾಕು.

ಅದೇ ನಮ್ಮನ್ನು ಉಳಿಸಿದ್ದು. ಹೊಸ ಡಿಸ್ಕ್ ಹಾಕಿ, ವಿಜಿಎಕ್ಸ್‌ಟೆಂಡ್‌ನಿಂದ ಗ್ರೂಪ್‌ಗೆ ಸೇರಿಸಿ, ಪಿವಿಮೂವ್ ಕೊಟ್ಟರು. ಕೆಟ್ಟ ಡಿಸ್ಕಿನ ಒಂದೊಂದು ಎಕ್ಸ್‌ಟೆಂಟೂ ಹೊಸದಕ್ಕೆ ಹೋಗುತ್ತಿತ್ತು, ಮುಂದಿನ ರೂಮಲ್ಲಿ ಹುಡುಗರು ಅದೇ ಫೈಲ್ ತೆಗೆದು ಎಡಿಟ್ ಮಾಡುತ್ತಲೇ ಇದ್ದರು. 15 ಸೆಕೆಂಡಿಗೊಮ್ಮೆ ಪರ್ಸೆಂಟ್ ಬೀಳುತ್ತೆ, ಅದನ್ನೇ ನೋಡುತ್ತಾ ಇಬ್ಬರೂ ಮಿರ್ಚಿ-ಮಂಡಕ್ಕಿ ತಿಂದೆವು. ರಾತ್ರಿ ಒಂದರ ಹೊತ್ತಿಗೆ ಕರೆಂಟ್ ಹೋಗಿ, ಯುಪಿಎಸ್ಸೂ ಕೈಕೊಟ್ಟು, ಸರ್ವರ್ ಆಫ್ ಆದಾಗ ನನ್ನ ಕೈಕಾಲು ಆಡಲಿಲ್ಲ. ಅವರು ಆರಾಮಾಗಿ ಕೂತಿದ್ದರು. ಕರೆಂಟ್ ಬಂದ ಮೇಲೆ ಬರೀ ಪಿವಿಮೂವ್ ಅಂತ ಹೊಡೆದರು, ನಿಲ್ಲಿಸಿದ ಕಡೆಯಿಂದ ಮುಂದುವರಿಯಿತು. ಮೊದಲು ನಕಲು, ಆಮೇಲೆ ವಿಳಾಸ ಬದಲು, ಹಾಗಾಗಿ ಮಧ್ಯೆ ನಿಂತರೂ ಹಳೇದು ಹಳೇ ಜಾಗದಲ್ಲೇ ಇರುತ್ತಂತೆ.

ಸೀಸನ್ ಮುಗಿದ ಮೇಲೆ ಎಲ್ಲಾ ಹೊಸದಾಗಿ ಕಟ್ಟಿಸಿದೆ. 8 ಟಿಬಿಯ ನಾಲ್ಕು ಡಿಸ್ಕ್, ಎರಡೆರಡು ಮಿರರ್ (ಒಂದರಲ್ಲಿರೋದೇ ಅದರ ಜೋಡಿಯಲ್ಲೂ ಇರುತ್ತೆ), ಅದರ ಮೇಲೆ ಗ್ರೂಪ್. ಫುಟೇಜ್‌ಗೆ 9 ಟಿಬಿ, ಪ್ರಾಜೆಕ್ಟ್‌ಗೆ 2, ಮಿಕ್ಕ ಮೂರೂವರೆ ಯಾರಿಗೂ ಕೊಡದೆ ಹಾಗೇ ಬಿಟ್ಟರು. ದುಡ್ಡು ಕೊಟ್ಟ ಜಾಗ ಖಾಲಿ ಯಾಕೆ ಸರ್ ಅಂತ ಕೇಳಿದೆ. ಈ ಜಾಗದಲ್ಲಿ ಫೈಲ್ ಜೋಡಿಸಿಡುವ ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಮ್‌ನ ನಡೆಯುತ್ತಿರುವಾಗಲೇ ಹಿಗ್ಗಿಸಬಹುದು, ಕುಗ್ಗಿಸುವ ಮಾತು ಮರೆತುಬಿಡು ಅಂದರು. ಅವರು ಹಿಂದೆ ಬೆಂಗಳೂರಿನಲ್ಲಿ ಎಚ್‌ಪಿ ಕಂಪನಿಯ ಯುನಿಕ್ಸ್, ಅಂದ್ರೆ ಎಚ್‌ಪಿ-ಯುಎಕ್ಸ್ ಮಿಷನ್ ನೋಡಿಕೊಳ್ಳುತ್ತಿದ್ದವರು. ಅಲ್ಲಿ ಗ್ರೂಪ್ ಮಾಡುವಾಗಲೇ ಡಿಸ್ಕಿಗೆ ಇಷ್ಟೇ ಎಕ್ಸ್‌ಟೆಂಟ್ ಅಂತ ಮಿತಿ ಬೀಳುತ್ತಿತ್ತಂತೆ. ನಾವೇನೂ ಹೇಳದಿದ್ದರೆ 1016, ಆಗ ಹಾಕಿದ ಡಿಸ್ಕ್ ಅದಕ್ಕಿಂತ ದೊಡ್ಡದಿದ್ದರೆ ಅದರ ಅಳತೆಗೆ. ವರ್ಷಗಳಾದ ಮೇಲೆ ದೊಡ್ಡ ಡಿಸ್ಕ್ ತಂದು ಸೇರಿಸಿದರೆ ಮಿತಿ ಮೀರಿದ ಜಾಗ ಇದ್ದೂ ಇಲ್ಲದ ಹಾಗೆ. ಈಗಿನ ಲಿನಕ್ಸ್‌ನಲ್ಲಿ ಆ ಕಾಟ ಇಲ್ಲ, ಆದರೆ ಅವರ ಭಯ ಹೋಗಿಲ್ಲ.

ದೂರು ಇದೆಯಾ? ಇದೆ. ಸೋಮವಾರ ಅಂದವರು ಗುರುವಾರ ಬಂದರು. ಬಿಲ್ ಕೇಳಿ ಕೇಳಿ ಸಾಕಾಯಿತು. ಯಾವ ಸ್ಲಾಟ್‌ನಲ್ಲಿ ಯಾವ ಸೀರಿಯಲ್ ನಂಬರಿನ ಡಿಸ್ಕ್ ಇದೆ ಅಂತ ಒಂದು ಮದುವೆ ಕಾರ್ಡಿನ ಹಿಂದೆ ಬರೆದು ಸರ್ವರ್‌ಗೆ ಅಂಟಿಸಿದ್ದಾರೆ, ಅಕ್ಷರ ಡಾಕ್ಟರ್ ಚೀಟಿ ಥರ. ಮಿರರ್ ಇದ್ದರೂ ಬ್ಯಾಕಪ್ ಬೇರೆ ಇಡಲೇಬೇಕು ಅಂತ ಹತ್ತು ಸಲ ಹೇಳಿದರು, ಅದನ್ನು ಮಾಡಿಕೊಡೋಕೆ ಮಾತ್ರ ಇನ್ನೂ ಬಂದಿಲ್ಲ. ಎರಡೂ ಸಲ ಸೇರಿ 7,000 ತಗೊಂಡರು, ಡಿಸ್ಕಿನ ದುಡ್ಡು ಬೇರೆ.

ಹೋದ ವಾರ ಫುಟೇಜ್ ಜಾಗ ತುಂಬುತ್ತಾ ಬಂತು. ಅವರು ಹೇಳಿಕೊಟ್ಟ ಹಾಗೆ ನಾನೇ ಎಲ್‌ವಿಎಕ್ಸ್‌ಟೆಂಡ್ ಹೊಡೆದು 1 ಟಿಬಿ ಜಾಸ್ತಿ ಮಾಡಿದೆ. ಎರಡು ಮೂರು ಸೆಕೆಂಡ್, ಎಡಿಟ್ ಮಾಡುತ್ತಿದ್ದ ಹುಡುಗನಿಗೆ ಗೊತ್ತೇ ಆಗಲಿಲ್ಲ. ಖುಷಿಗೆ ಅವರಿಗೆ ಫೋನ್ ಮಾಡಿದೆ. ಎತ್ತಲಿಲ್ಲ.