ಗ್ರೀನಿಗೆ ಎಷ್ಟು ದೂರ? ಕೈಯಲ್ಲಿ ಹಿಡಿಯುವ ಗಾಲ್ಫ್ ಜಿಪಿಎಸ್ ಸಾಧನಗಳ ಹೋಲಿಕೆ

ಚೆಂಡು ಬಿದ್ದ ಜಾಗದಿಂದ ಗ್ರೀನಿಗೆ, ಎಂದರೆ ಕುಳಿ ಇರುವ ನುಣುಪು ಹುಲ್ಲಿನ ಜಾಗಕ್ಕೆ, ಇರುವ ದೂರವನ್ನು ತಿಳಿಸುವ ಮೂರು ಬಗೆಯ ಸಾಧನಗಳನ್ನು ಕಳೆದ ಎಂಟು ತಿಂಗಳಿಂದ ಒಂದೇ ಚೀಲದಲ್ಲಿಟ್ಟುಕೊಂಡು ಆಡುತ್ತಿದ್ದೇನೆ. ಮೊದಲನೆಯದು ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ, ಸೊಂಟದ ಪಟ್ಟಿಗೆ ಸಿಕ್ಕಿಸಿಕೊಳ್ಳಬಹುದಾದ ಪುಟ್ಟ ಸಾಧನ. ಅದು ಗ್ರೀನಿನ ಮುಂಭಾಗ, ನಡುಭಾಗ ಮತ್ತು ಹಿಂಭಾಗದ ದೂರಗಳನ್ನು ಮೂರು ಅಂಕಿಗಳಲ್ಲಿ ತೋರಿಸುತ್ತದೆ, ಹೆಚ್ಚೇನೂ ಇಲ್ಲ. ಎರಡನೆಯದು ಅಂಗೈ ತುಂಬುವಷ್ಟು ದೊಡ್ಡದು. ಟೀಯಿಂದ (ಮೊದಲ ಹೊಡೆತದ ಜಾಗ) ಗ್ರೀನಿನವರೆಗೆ ಇಡೀ ಹೋಲಿನ ನಕ್ಷೆಯನ್ನು ಬಣ್ಣದ ಟಚ್‌ಸ್ಕ್ರೀನಿನ ಮೇಲೆ ಹರಡಿ ತೋರಿಸುತ್ತದೆ. ಮೂರನೆಯದು ಫೋನಿನಲ್ಲಿ ಹಾಕಿಕೊಂಡ ಆ್ಯಪ್. ಇವು ಹೇಳುವ ಅಂಕಿಗಳನ್ನು ತಾಳೆ ನೋಡಲು ಜೊತೆಗಾರರೊಬ್ಬರ ಲೇಸರ್ ರೇಂಜ್‌ಫೈಂಡರ್ (ಗುರಿಯಿಟ್ಟ ವಸ್ತುವಿನ ದೂರವನ್ನು ಲೇಸರ್ ಕಿರಣದಿಂದ ಅಳೆಯುವ ಸಾಧನ) ನೆರವಾಯಿತು. ಮಾದರಿಗಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಮಾದರಿಗಳು ಬದಲಾಗುತ್ತಲೇ ಇರುತ್ತವೆ. ಕೊಳ್ಳುವವರು ಮೊದಲು ನಿರ್ಧರಿಸಬೇಕಾದದ್ದು ಯಾವ ಬಗೆಯದು ಬೇಕು ಎಂಬುದನ್ನು.

ಎಲ್ಲರೂ ಮೊದಲು ಕೇಳುವ ಪ್ರಶ್ನೆ ನಿಖರತೆಯದು. ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ನಾಗರಿಕರ ಬಳಕೆಗೆ ಬಿಟ್ಟಿದ್ದ ಸಂಕೇತವನ್ನು ಅಮೆರಿಕ ಸರ್ಕಾರವು ಉದ್ದೇಶಪೂರ್ವಕವಾಗಿ ಮಸುಕುಗೊಳಿಸಿದ್ದ ಕಾಲದಲ್ಲಿ ಹತ್ತಾರು ಮೀಟರುಗಳ ವ್ಯತ್ಯಾಸ ಸಾಮಾನ್ಯವಾಗಿತ್ತು. 2000ದ ಮೇ ತಿಂಗಳಲ್ಲಿ ಆ ಮಸುಕನ್ನು ತೆಗೆದುಹಾಕಿದ ಮೇಲೆಯೇ ಇಷ್ಟು ಸರಳವಾದ ಸಾಧನವೊಂದು ಗಾಲ್ಫ್ ಆಟಗಾರನಿಗೆ ನಿಜವಾಗಿ ಉಪಯೋಗಕ್ಕೆ ಬರುವಂತಾಯಿತು. ಈಗ ತೆರೆದ ಆಕಾಶದ ಕೆಳಗೆ ಸಾಮಾನ್ಯ ಸಾಧನವೊಂದರ ವ್ಯತ್ಯಾಸ ಮೂರರಿಂದ ಐದು ಮೀಟರುಗಳ ಆಸುಪಾಸಿನಲ್ಲಿರುತ್ತದೆ. ನನ್ನ ಅನುಭವದಲ್ಲೂ ಫೇರ್‌ವೇಯ (ಟೀಗೂ ಗ್ರೀನಿಗೂ ನಡುವಿನ ಕತ್ತರಿಸಿದ ಹುಲ್ಲಿನ ಹಾದಿ) ನಡುವೆ ನಿಂತಾಗ ಮೂರು ಸಾಧನಗಳ ಅಂಕಿಗಳು ಒಂದಕ್ಕೊಂದು ಎರಡು ಮೂರು ಗಜಗಳ ಅಂತರದಲ್ಲೇ ಇರುತ್ತಿದ್ದವು. ಮರಗಳ ದಟ್ಟ ನೆರಳಿನಲ್ಲಿ, ಅದರಲ್ಲೂ ಮಳೆ ನಿಂತ ಮೇಲೆ ಎಲೆಗಳು ತೊಯ್ದಿರುವಾಗ, ಅಂಕಿಗಳು ಕೊಂಚ ತೂಗಾಡುತ್ತಿದ್ದವು. ಆದರೆ ಮರಗಳ ನಡುವೆ ಸಿಕ್ಕಿಕೊಂಡ ಚೆಂಡಿಗೆ ಬೇಕಾಗುವುದು ಗ್ರೀನಿನ ದೂರವಲ್ಲ, ಹೊರಬರುವ ದಾರಿ. ಹೀಗಾಗಿ ಉಪಗ್ರಹದ ನಿಖರತೆಯ ದೃಷ್ಟಿಯಿಂದ ಒಂದನ್ನು ಮೇಲೆಂದೂ ಇನ್ನೊಂದನ್ನು ಕೀಳೆಂದೂ ಹೇಳಲು ನನಗೆ ಆಧಾರ ಸಿಗಲಿಲ್ಲ.

ನಿಜವಾದ ವ್ಯತ್ಯಾಸ ಇರುವುದು ನಕ್ಷೆಯಲ್ಲಿ. ನೀವು ಎಲ್ಲಿ ನಿಂತಿದ್ದೀರಿ ಎಂಬುದಷ್ಟೇ ಉಪಗ್ರಹದಿಂದ ತಿಳಿಯುತ್ತದೆ; ಗ್ರೀನ್ ಎಲ್ಲಿದೆ ಎಂಬುದನ್ನು ಯಾರೋ ಎಂದೋ ಗುರುತಿಸಿ ಸಾಧನದೊಳಗೆ ತುಂಬಿಟ್ಟಿರುತ್ತಾರೆ. ಆ ಗುರುತು ಕೋರ್ಸಿನಲ್ಲಿ ನಡೆದಾಡಿ ಅಳೆದದ್ದಾಗಿರಬಹುದು, ಮೇಲಿನಿಂದ ತೆಗೆದ ಚಿತ್ರ ನೋಡಿ ಗೆರೆ ಎಳೆದದ್ದಾಗಿರಬಹುದು. ನಾನು ಆಡುವ ಕೋರ್ಸಿನ ಒಂದು ಹೋಲಿನಲ್ಲಿ ಗ್ರೀನನ್ನು ಒಡೆದು ಹಿಂದಕ್ಕೆ ಸರಿಸಿ ಕಟ್ಟಿದ ಮೇಲೆ ದೊಡ್ಡ ಸಾಧನವೂ ಆ್ಯಪ್ ಕೂಡ ತಿಂಗಳುಗಟ್ಟಲೆ ಹಳೆಯ ಗ್ರೀನಿನ ದೂರವನ್ನೇ ತೋರಿಸುತ್ತಿದ್ದವು. ಚೆಂಡು ಪದೇ ಪದೇ ಗ್ರೀನಿನ ಮುಂಭಾಗದ ಬಂಕರಿಗೆ (ಮರಳಿನ ಗುಂಡಿಗೆ) ಬೀಳುತ್ತಿದ್ದಾಗ ತಪ್ಪು ನನ್ನ ಹೊಡೆತದ್ದೆಂದೇ ಭಾವಿಸಿದ್ದೆ. ಒಂದು ದಿನ ಗ್ರೀನಿನ ಮುಂದಿನ ಅಂಚಿಗೆ ಹೋಗಿ ನಿಂತು ನೋಡಿದರೆ ನಾನಾಗಲೇ ಗ್ರೀನಿನ ನಟ್ಟನಡುವೆ ಇದ್ದೇನೆಂದು ಪರದೆ ಹೇಳುತ್ತಿತ್ತು. ಯಾವ ಸಾಧನ ಕೊಂಡರೂ ಈ ಪರೀಕ್ಷೆಯನ್ನು ತಪ್ಪದೆ ಮಾಡಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ: ನಾಲ್ಕೈದು ಗ್ರೀನುಗಳ ಮುಂದಿನ ಅಂಚಿನಲ್ಲಿ ನಿಂತಾಗ ಮುಂಭಾಗದ ಅಂಕಿ ಸೊನ್ನೆಯ ಹತ್ತಿರಕ್ಕೆ ಇಳಿಯಬೇಕು, ಹಿಂಭಾಗದ ಅಂಕಿಯು ನೀವು ಹೆಜ್ಜೆ ಹಾಕಿ ಅಳೆದ ಆಳಕ್ಕೆ ಸರಿಹೊಂದಬೇಕು. ಸ್ಪ್ರಿಂಕ್ಲರಿನ ಮುಚ್ಚಳದ ಮೇಲೆ ದೂರ ಕೆತ್ತಿರುವ ಕೋರ್ಸುಗಳಲ್ಲಿ ಅದರ ಪಕ್ಕ ನಿಂತು ತಾಳೆ ನೋಡುವುದು ಇನ್ನೂ ಸುಲಭ, ಆದರೆ ಆ ಕೆತ್ತನೆಯೂ ಹಳೆಯದಾಗಿರಬಹುದು.

ಮೂರು ಅಂಕಿಗಳ ಪುಟ್ಟ ಸಾಧನವನ್ನು ನಾನು ಆರಂಭದಲ್ಲಿ ಹಗುರವಾಗಿ ಕಂಡಿದ್ದೆ. ಎಂಟು ತಿಂಗಳ ಬಳಿಕ ನನ್ನ ಆಟವನ್ನು ಅತಿ ಹೆಚ್ಚು ತಿದ್ದಿದ್ದು ಅದೇ ಎಂದು ಒಪ್ಪಿಕೊಳ್ಳಬೇಕಾಗಿದೆ. ಮೂವತ್ತು ಗಜ ಆಳವಿರುವ ಗ್ರೀನೊಂದನ್ನು ತೆಗೆದುಕೊಳ್ಳಿ. ನಡುಭಾಗಕ್ಕೆ 150 ಗಜ ಇದ್ದರೆ ಮುಂಭಾಗಕ್ಕೆ 135, ಹಿಂಭಾಗಕ್ಕೆ 165. ನನ್ನ ಒಂದು ಐರನ್ನಿಗೂ (ಲೋಹದ ತಲೆಯ ಕ್ಲಬ್, ಎಂದರೆ ಗಾಲ್ಫ್ ಕೋಲು) ಮುಂದಿನದಕ್ಕೂ ಇರುವ ವ್ಯತ್ಯಾಸ ಸುಮಾರು ಹತ್ತು ಹನ್ನೆರಡು ಗಜ. ಎಂದರೆ ಅದೇ ಗ್ರೀನಿನ ಮುಂದಿನ ತುದಿಗೂ ಹಿಂದಿನ ತುದಿಗೂ ನಡುವೆ ಹೆಚ್ಚುಕಡಿಮೆ ಮೂರು ಕ್ಲಬ್ಬುಗಳ ಅಂತರವಿದೆ. ನಡುಭಾಗದ ಒಂದೇ ಅಂಕಿಯನ್ನು ನೋಡಿ ಆಡುತ್ತಿದ್ದಾಗ, ಚೆನ್ನಾಗಿ ತಗುಲಿದ ಹೊಡೆತದ ದೂರವನ್ನೇ ನನ್ನ ನಿತ್ಯದ ದೂರವೆಂದು ಎಣಿಸಿ, ಹತ್ತರಲ್ಲಿ ಏಳು ಸಲ ಗ್ರೀನ್ ತಲುಪುವ ಮುನ್ನವೇ ಚೆಂಡನ್ನು ಬೀಳಿಸುತ್ತಿದ್ದೆ. ಮೂರೂ ಅಂಕಿಗಳು ಕಣ್ಣೆದುರಿಗೆ ಇದ್ದಾಗ ಮನಸ್ಸು ತಾನಾಗಿಯೇ ಬೇರೆ ರೀತಿ ಲೆಕ್ಕ ಹಾಕತೊಡಗಿತು: ಮುಂದೆ ಬಂಕರ್ ಇದೆ, ಹಿಂದೆ ಬಯಲಿದೆ, ಹಾಗಾದರೆ 150ಕ್ಕಲ್ಲ, 158ಕ್ಕೆ ಹೊಡೆಯೋಣ. ಬಾವುಟದ ಬಣ್ಣದಿಂದ ಪಿನ್ನಿನ (ಕುಳಿಯಲ್ಲಿ ನೆಟ್ಟ ಬಾವುಟದ ಕಂಬ) ಜಾಗ ತಿಳಿಸುವ ಪದ್ಧತಿ ಹಲವು ಕೋರ್ಸುಗಳಲ್ಲಿದೆ. ಸಾಮಾನ್ಯವಾಗಿ ಕೆಂಪು ಮುಂದಕ್ಕೆ, ಬಿಳಿ ನಡುವಿಗೆ, ನೀಲಿ ಹಿಂದಕ್ಕೆ. ಆ ಬಣ್ಣವನ್ನೂ ಈ ಮೂರು ಅಂಕಿಗಳನ್ನೂ ಕೂಡಿಸಿದರೆ ಪಿನ್ನಿನ ದೂರ ಐದಾರು ಗಜಗಳ ಅಂದಾಜಿಗೆ ಸಿಗುತ್ತದೆ, ಮತ್ತು ನನ್ನಂಥ ಸಾಧಾರಣ ಆಟಗಾರನಿಗೆ ಅದಕ್ಕಿಂತ ಸೂಕ್ಷ್ಮವಾದ ಅಂಕಿಯಿಂದ ಆಗುವ ಲಾಭ ಕಡಿಮೆ.

ಇದೆಲ್ಲ ಒಂದು ಗುಂಡಿಯನ್ನೂ ಒತ್ತದೆ, ನಡೆಯುತ್ತಿರುವಾಗಲೇ, ಒಂದು ನೋಟದಲ್ಲಿ ಆಗುತ್ತದೆ ಎಂಬುದು ಪುಟ್ಟ ಸಾಧನದ ದೊಡ್ಡ ಗುಣ. ಅಡೆತಡೆಯಿಲ್ಲದೆ ಆಡಲು ಸಾಧ್ಯವಾದ ಮೇಲೆ 40 ಸೆಕೆಂಡುಗಳೊಳಗೆ ಹೊಡೆತ ಮುಗಿಸಬೇಕೆಂದು ಆಟದ ನಿಯಮಗಳೇ ಶಿಫಾರಸು ಮಾಡುತ್ತವೆ. ಆ ಹೊತ್ತಿನಲ್ಲಿ ಗಾಳಿ ನೋಡಬೇಕು, ಚೆಂಡು ಕುಳಿತ ಬಗೆ ನೋಡಬೇಕು, ಕ್ಲಬ್ ಆರಿಸಬೇಕು. ಪರದೆಯನ್ನು ಉಜ್ಜುತ್ತ ನಿಲ್ಲಲು ಸಮಯವಿಲ್ಲ.

ದೊಡ್ಡ ಸಾಧನದ ಬೆಲೆ ಗೊತ್ತಾಗುವುದು ಪರಿಚಯವಿಲ್ಲದ ಕೋರ್ಸಿನಲ್ಲಿ. ಡಾಗ್‌ಲೆಗ್ ಹೋಲಿನಲ್ಲಿ ಫೇರ್‌ವೇ ಎಲ್ಲಿ ತಿರುಗುತ್ತದೆ, ತಿರುವನ್ನು ದಾಟಿ ಎಷ್ಟು ಗಜ ಹೋದರೆ ಮರಗಳು ಎದುರಾಗುತ್ತವೆ, ದಿಬ್ಬದ ಆಚೆ ಕಾಣದಿರುವ ಕೆರೆಯ ಹತ್ತಿರದ ದಡ ಎಷ್ಟು ದೂರ, ಆಚೆಯ ದಡ ಎಷ್ಟು ದೂರ ಎಂಬ ಪ್ರಶ್ನೆಗಳಿಗೆ ಪುಟ್ಟ ಸಾಧನದಲ್ಲಿ ಉತ್ತರವಿಲ್ಲ. ನಕ್ಷೆಯ ಮೇಲೆ ಬೆರಳಿಟ್ಟರೆ ದೊಡ್ಡದು ಎರಡು ದೂರಗಳನ್ನು ಕೊಡುತ್ತದೆ: ನಿಂತಲ್ಲಿಂದ ಆ ಬಿಂದುವಿಗೆ, ಆ ಬಿಂದುವಿನಿಂದ ಗ್ರೀನಿಗೆ. ಪಾರ್ 5 ಹೋಲಿನ (ಐದು ಹೊಡೆತಗಳಲ್ಲಿ ಮುಗಿಸಬೇಕಾದ ಉದ್ದದ ಹೋಲು) ಎರಡನೆಯ ಹೊಡೆತದಲ್ಲಿ ಈ ಎರಡನೆಯ ಅಂಕಿ ಅಮೂಲ್ಯ. ನೀರನ್ನು ದಾಟಿಸಲು ಧೈರ್ಯ ಸಾಲದಿದ್ದಾಗ ಸುಮ್ಮನೆ ಆದಷ್ಟು ಮುಂದಕ್ಕೆ ಹೊಡೆದು, ಬಳಿಕ ನಲವತ್ತು ಗಜದ ಅರೆಬರೆ ಹೊಡೆತಕ್ಕೆ ಸಿಕ್ಕಿಹಾಕಿಕೊಳ್ಳುವುದು ನನ್ನ ಹಳೆಯ ಚಾಳಿಯಾಗಿತ್ತು. ಈಗ ಮೂರನೆಯ ಹೊಡೆತಕ್ಕೆ ನೂರು ಗಜ ಉಳಿಯುವಂತೆ ಎರಡನೆಯದನ್ನು ಆರಿಸುತ್ತೇನೆ.

ಆದರೆ ದೊಡ್ಡದರ ತೊಂದರೆಗಳನ್ನೂ ಮುಚ್ಚಿಡಬಾರದು. ನಡುಮಧ್ಯಾಹ್ನದ ಬಿಸಿಲಿನಲ್ಲಿ ನಾನು ಬಳಸಿದ ಸಾಧನದ ಪರದೆ ಮಂಕಾಗುತ್ತಿತ್ತು, ಬೆಳಕು ಏರಿಸಿದರೆ ಬ್ಯಾಟರಿ ಬೇಗ ಇಳಿಯುತ್ತಿತ್ತು. ಪೋಲರೈಸ್ಡ್ ತಂಪುಕನ್ನಡಕ ಹಾಕಿಕೊಂಡು ಸಾಧನವನ್ನು ಓರೆಯಾಗಿ ಹಿಡಿದಾಗ ಪರದೆ ಪೂರ್ತಿ ಕಪ್ಪಾದದ್ದನ್ನು ಕಂಡು ಮೊದಲ ದಿನ ಕೆಟ್ಟೇಹೋಯಿತೆಂದು ಗಾಬರಿಯಾದೆ. ಎಲ್‌ಸಿಡಿ ಪರದೆಯ ಬೆಳಕೂ ಪೋಲರೈಸ್ ಆಗಿರುವುದರಿಂದ ಹೀಗಾಗುತ್ತದೆ, ತಿರುಗಿಸಿ ಹಿಡಿದರೆ ಸರಿಹೋಗುತ್ತದೆ. ಗ್ಲೌಸ್ ಹಾಕಿದ ಬೆರಳಿಗೂ ಬೆವರಿದ ಬೆರಳಿಗೂ ಟಚ್‌ಸ್ಕ್ರೀನ್ ಸರಿಯಾಗಿ ಸ್ಪಂದಿಸುತ್ತಿರಲಿಲ್ಲ. ಆದ್ದರಿಂದ ಕೊಳ್ಳುವ ಮುನ್ನ ಸಾಧನವನ್ನು ಬಿಸಿಲಿಗೆ ತಂದು, ನೀವು ಹಾಕುವ ಕನ್ನಡಕವನ್ನೇ ಹಾಕಿಕೊಂಡು, ಗ್ಲೌಸ್ ತೊಟ್ಟ ಕೈಯಿಂದ ಮುಟ್ಟಿ ನೋಡುವುದು ಒಳ್ಳೆಯದು. ಮುಖ್ಯವಾದ ಕೆಲಸಗಳಿಗೆ ಗುಂಡಿಗಳಿರುವ ಮಾದರಿ ಸಿಕ್ಕಿದರೆ ನನ್ನ ಮತ ಅದಕ್ಕೇ.

ಫೋನಿನ ಆ್ಯಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಕ್ಷೆ ಸೊಗಸಾಗಿದೆ, ಆರಂಭಿಸಲು ಬೇರೇನೂ ಕೊಳ್ಳಬೇಕಾಗಿಲ್ಲ. ಆದರೆ ಪ್ರತಿ ಹೊಡೆತಕ್ಕೂ ಜೇಬಿನಿಂದ ತೆಗೆದು, ಬೀಗ ಬಿಡಿಸಿ, ಹಿಂದಿನ ಜಾಗದ ಅಂಕಿ ಅಳಿದು ಹೊಸ ಅಂಕಿ ಬರುವವರೆಗೆ ಕಾಯಬೇಕು. ಆ ನಡುವೆ ಕರೆಯೋ ಸಂದೇಶವೋ ಬಂದರೆ ಏಕಾಗ್ರತೆ ಹೋಯಿತು. ಹದಿನೆಂಟು ಹೋಲುಗಳ ಸುತ್ತು ನಾಲ್ಕು ಗಂಟೆಗೂ ಮೀರುವುದರಿಂದ ಕೊನೆಯ ಹೋಲುಗಳ ಹೊತ್ತಿಗೆ ನನ್ನ ಫೋನು ಬಿಸಿಯೇರಿ ಸೊರಗಿರುತ್ತಿತ್ತು.

ಲೇಸರ್ ಈ ಹೋಲಿಕೆಯ ಹೊರಗಿನದಾದರೂ ಒಂದು ಮಾತು ಅಗತ್ಯ. ಬಾವುಟಕ್ಕೆ ಗುರಿಯಿಟ್ಟಾಗ ಒಂದು ಗಜದ ಆಸುಪಾಸಿನ ದೂರವನ್ನು ಅದು ಕೊಡುತ್ತದೆ, ಗ್ರೀನ್ ಹೊಸದೋ ಹಳೆಯದೋ ಎಂಬ ಗೊಡವೆ ಅದಕ್ಕಿಲ್ಲ. ಕೈ ನಡುಗಿದರೆ ಬಾವುಟದ ಹಿಂದಿನ ಮರದ ದೂರ ಬರುತ್ತದೆ, ಕಣ್ಣಿಗೆ ಕಾಣದ್ದು ಅದಕ್ಕೂ ಕಾಣದು. ಹತ್ತಿರದ ಹೊಡೆತಗಳಲ್ಲಿ ನುರಿತವರಿಗೆ ಅದು ಹೆಚ್ಚು ಉಪಕಾರಿ.

ನಿಯಮದ ವಿಷಯದಲ್ಲಿ ಇಂದಿಗೂ ಗೊಂದಲವಿರುವುದನ್ನು ಕಂಡಿದ್ದೇನೆ. 2019ರ ಜನವರಿಯಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ, ಸ್ಪರ್ಧೆಯ ಸಮಿತಿ ಸ್ಥಳೀಯ ನಿಯಮ ಮಾಡಿ ನಿಷೇಧಿಸದ ಹೊರತು ದೂರ ಅಳೆಯುವ ಸಾಧನಕ್ಕೆ ಅನುಮತಿ ಇದೆ. ಅದಕ್ಕೆ ಮುನ್ನ ಇದು ತಿರುವುಮುರುವಾಗಿತ್ತು, ಸ್ಥಳೀಯ ನಿಯಮ ಮಾಡಿ ಅನುಮತಿ ಕೊಡಬೇಕಾಗಿತ್ತು. ಆದರೆ ಅನುಮತಿ ದೂರಕ್ಕೆ ಮತ್ತು ದಿಕ್ಕಿಗೆ ಮಾತ್ರ. ಏರು ತಗ್ಗುಗಳನ್ನು ಅಳೆಯುವುದು, ಅದನ್ನು ಲೆಕ್ಕಕ್ಕೆ ಹಿಡಿದು ತಿದ್ದಿದ ದೂರ ಪಡೆಯುವುದು, ಚೆಂಡು ಬಿದ್ದ ಜಾಗ ನೋಡಿ ಸಾಧನವೇ ಕ್ಲಬ್ ಸೂಚಿಸುವುದು, ಇವಕ್ಕೆ ಅನುಮತಿ ಇಲ್ಲ. ಸ್ಟ್ರೋಕ್ ಪ್ಲೇಯಲ್ಲಿ (ಒಟ್ಟು ಹೊಡೆತಗಳನ್ನು ಎಣಿಸುವ ಸ್ಪರ್ಧೆ) ಮೊದಲ ತಪ್ಪಿಗೆ ಎರಡು ಹೊಡೆತಗಳ ದಂಡ, ಮತ್ತೆ ಮಾಡಿದರೆ ಅನರ್ಹತೆ. ನನ್ನ ದೊಡ್ಡ ಸಾಧನದಲ್ಲಿ ಏರಿಳಿತ ಲೆಕ್ಕಹಾಕುವ ಸೌಲಭ್ಯವಿದೆ. ಸ್ಪರ್ಧೆಯ ದಿನ ಮೊದಲ ಟೀಗೆ ಹೋಗುವ ಮುನ್ನವೇ ಅದನ್ನು ಆಫ್ ಮಾಡಿಬಿಡುತ್ತೇನೆ. ಅಭ್ಯಾಸದ ಸುತ್ತಿನಲ್ಲಿ ಅದನ್ನೇ ಬಳಸಿ ಯಾವ ಹೋಲಿನ ಏರು ಎಷ್ಟು ಗಜ ಹೆಚ್ಚು ಬೇಡುತ್ತದೆಂದು ಮನನ ಮಾಡಿಕೊಳ್ಳುತ್ತೇನೆ.

ಬಳಸುವಾಗ ನಾನು ಕಲಿತ ಕೆಲವು ಸಂಗತಿಗಳು ಎಲ್ಲ ಬಗೆಗೂ ಅನ್ವಯಿಸುತ್ತವೆ. ಬಹಳ ದಿನ ಮುಚ್ಚಿಟ್ಟಿದ್ದ ಸಾಧನ ಪ್ರತಿ ಉಪಗ್ರಹದ ಕಕ್ಷೆಯ ವಿವರವನ್ನು ಹೊಸದಾಗಿ ಪಡೆಯಬೇಕಾಗುತ್ತದೆ. ಆ ವಿವರ 30 ಸೆಕೆಂಡುಗಳಿಗೊಮ್ಮೆ ಮರುಪ್ರಸಾರವಾಗುವುದರಿಂದ ಮತ್ತು ನಡುವೆ ಅಡ್ಡಿಯಾದರೆ ಮತ್ತೆ ಕಾಯಬೇಕಾಗುವುದರಿಂದ, ಆಟ ಶುರುವಾಗುವುದಕ್ಕೆ ಹತ್ತು ನಿಮಿಷ ಮುಂಚೆಯೇ ಸಾಧನವನ್ನು ಚಾಲೂ ಮಾಡಿ ಬಯಲಿನಲ್ಲಿಡುವುದು ಲೇಸು. ಗಜವೋ ಮೀಟರೋ ಎಂಬುದನ್ನು ಪ್ರತಿ ಸಲವೂ ನೋಡಿಕೊಳ್ಳಬೇಕು: 150 ಮೀಟರ್ ಎಂದರೆ 164 ಗಜ, ಅಲ್ಲಿಗೆ ಒಂದಕ್ಕಿಂತ ಹೆಚ್ಚು ಕ್ಲಬ್ಬಿನ ವ್ಯತ್ಯಾಸವಾಯಿತು. ಅಕ್ಕಪಕ್ಕದಲ್ಲೇ ಎರಡು ಹೋಲುಗಳು ಸಾಗುವ ಕಡೆ ಸಾಧನ ತಾನಾಗಿಯೇ ಪಕ್ಕದ ಹೋಲಿಗೆ ಜಿಗಿಯುವುದುಂಟು. ಅಂಕಿ ಓದುವ ಮುನ್ನ ಹೋಲಿನ ಸಂಖ್ಯೆಯ ಮೇಲೆ ಕಣ್ಣು ಹಾಯಿಸಬೇಕು.

ಹೊಡೆತ ಅಳೆಯುವ ಸೌಲಭ್ಯವನ್ನು ಹೆಚ್ಚಿನವರು ಮುಟ್ಟುವುದೇ ಇಲ್ಲ ಎಂಬುದು ನನಗೆ ಬೇಸರದ ಸಂಗತಿ. ಹೊಡೆದ ಜಾಗದಲ್ಲಿ ಗುಂಡಿ ಒತ್ತಿ ಚೆಂಡಿನವರೆಗೆ ನಡೆದರೆ ಆ ಹೊಡೆತ ಸಾಗಿದ ದೂರ ಸಿಗುತ್ತದೆ, ನೆಲದ ಮೇಲೆ ಉರುಳಿದ್ದೂ ಅದರಲ್ಲಿ ಸೇರಿರುತ್ತದೆ. ಏಳನೆಯ ಐರನ್ನಿನಿಂದ 150 ಗಜ ಹೊಡೆಯುತ್ತೇನೆಂದು ವರ್ಷಗಳಿಂದ ನಂಬಿದ್ದ ನಾನು ಇಪ್ಪತ್ತು ಹೊಡೆತಗಳನ್ನು ಬರೆದಿಟ್ಟುಕೊಂಡಾಗ ಕಂಡ ಸರಾಸರಿ 139. ಗ್ರೀನಿನ ದೂರ ಎಷ್ಟೇ ನಿಖರವಾಗಿ ಗೊತ್ತಿದ್ದರೂ ನನ್ನ ಕ್ಲಬ್ಬಿನ ದೂರ ನನಗೇ ತಿಳಿಯದಿದ್ದಾಗ ಆ ನಿಖರತೆಯೆಲ್ಲ ವ್ಯರ್ಥವಾಗುತ್ತಿತ್ತು.

ಈಗ ನಿತ್ಯ ಆಡುವ ಕೋರ್ಸಿಗೆ ಪುಟ್ಟದನ್ನಷ್ಟೇ ಒಯ್ಯುತ್ತೇನೆ. ಹೊಸ ಕೋರ್ಸಿಗೆ ಹೊರಡುವ ಹಿಂದಿನ ರಾತ್ರಿ ದೊಡ್ಡದರ ನಕ್ಷೆಗಳನ್ನು ನವೀಕರಿಸಿ, ಹೋಲುಗಳನ್ನು ಒಂದೊಂದಾಗಿ ಪರದೆಯ ಮೇಲೆ ನೋಡಿ ಮುಗಿಸಿ, ಮರುದಿನ ಅದನ್ನು ಟೀಯಲ್ಲಿ ಮತ್ತು ಉದ್ದದ ಹೋಲುಗಳ ಎರಡನೆಯ ಹೊಡೆತಕ್ಕೆ ಮಾತ್ರ ಹೊರತೆಗೆಯುತ್ತೇನೆ. ಗ್ರೀನಿಗೆ ಹೊಡೆಯುವಾಗ ಅಲ್ಲಿಯೂ ಸೊಂಟದ ಮೇಲಿನ ಮೂರು ಅಂಕಿಗಳೇ ಸಾಕಾಗುತ್ತಿವೆ. ಒಂದನ್ನೇ ಕೊಳ್ಳುವವರು ವರ್ಷದ ಸುತ್ತುಗಳಲ್ಲಿ ಹೆಚ್ಚಿನವನ್ನು ಒಂದೇ ಕೋರ್ಸಿನಲ್ಲಿ ಆಡುವುದಾದರೆ ಪುಟ್ಟದನ್ನೂ, ಊರೂರು ಸುತ್ತಿ ಆಡುವವರಾದರೆ ಗುಂಡಿಗಳಿರುವ ದೊಡ್ಡದನ್ನೂ ಆರಿಸಿಕೊಳ್ಳಲಿ ಎನ್ನುತ್ತೇನೆ.