ನಡದೊಳಗಿನ ಮಷೀನು: ನಾಲ್ಕು ದಾರಿ ಹಿಡಿದು ನೋಡಿದೆ

ಎರಡು ಸಲ ಡಿಸ್ಕ್ ಆಪರೇಷನ್ ಆದರೂ ಎಡಗಾಲಿನ ಉರಿ ಬಿಡಲಿಲ್ಲ. ಕೊನೆಗೆ ಬೆನ್ನುಹುರಿಯ ಹಿಂದೆ ಎರಡು ತೆಳು ತಂತಿ ಇಟ್ಟು, ನಡದ ಕೆಳಗೆ ಚರ್ಮದೊಳಗೆ ಬ್ಯಾಟರಿ ಕೂರಿಸಿದರು. ಬೆನ್ನುಹುರಿಗೆ ಸಣ್ಣ ಕರೆಂಟ್ ಕೊಟ್ಟು ನೋವು ತಗ್ಗಿಸುವ ಈ ಸ್ಟಿಮ್ಯುಲೇಟರಿಗೆ ಈಗ ಐದನೇ ವರ್ಷ. ಮೊದಲೆರಡು ವರ್ಷ ನೋವು ಅರ್ಧಕ್ಕಿಂತ ಕಡಿಮೆಯಾಗಿತ್ತು. ಆಮೇಲೆ ರಿಮೋಟಿನಲ್ಲಿ ಕರೆಂಟಿನ ಅಂಕಿ ಏರುತ್ತ ಹೋಯಿತು, ನೋವೂ ಏರುತ್ತ ಬಂತು. ಎಕ್ಸ್-ರೇ ತೆಗೆದರೆ ತಂತಿ ಇಟ್ಟ ಜಾಗದಲ್ಲೇ ಇದೆ. ನರ ಒಗ್ಗಿಕೊಂಡಿರಬೇಕು, ಇಲ್ಲವೇ ತಂತಿಯ ಸುತ್ತ ಗಾಯದ ಪೊರೆ ಬೆಳೆದಿರಬೇಕು ಎಂದರು ಡಾಕ್ಟರು.

ನೋವು ಹತ್ತಕ್ಕೆ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಮುಂಜಾನೆಯ ಆರು ಬೇರೆ, ಸಂಜೆಯ ಆರು ಬೇರೆ. ಆ ಲೆಕ್ಕ ನನಗೆ ಹತ್ತುವುದಿಲ್ಲ. ನನ್ನ ಅಳತೆ ಎರಡೇ. ಧಾರವಾಡದಿಂದ ಹುಬ್ಬಳ್ಳಿಯ ಅಂಗಡಿಗೆ ಹೋಗುವಾಗ ಬಸ್ಸಿನಲ್ಲಿ ಎಲ್ಲಿಯತನಕ ನಿಲ್ಲಬಲ್ಲೆ? ನೆಲಕ್ಕೆ ಕೂತು ಎಷ್ಟು ರೊಟ್ಟಿ ತಿಂದು ಏಳಬಲ್ಲೆ?

ಹಳೆಯ ಪ್ರೋಗ್ರಾಂ 50 ಹರ್ಟ್ಜಿನದು, ಅಂದರೆ ಸೆಕೆಂಡಿಗೆ 50 ಸಲ ಕರೆಂಟ್ ಮಿಡಿಯುತ್ತದೆ. ಕಾಲಿನಲ್ಲಿ ಸದಾ ಜುಮುಜುಮು. ಅದೊಂದು ಧೈರ್ಯ: ಮಷೀನು ನಡೆದಿದೆ ಎಂದು ಗೊತ್ತಾಗುತ್ತದೆ. ಆದರೆ ಅಂಗಾತ ಮಲಗಿದರೆ ಬೆನ್ನುಹುರಿ ತಂತಿಗೆ ಹತ್ತಿರ ಸರಿದು ಜುಮ್ಮು ಒಮ್ಮೆಲೇ ಜೋರಾಗುತ್ತದೆ. ತನ್ನದೇ ದಾರಿಯಲ್ಲಿ ಓಡುವ ಚಿಗರಿ ಬಸ್ಸಿನಲ್ಲಿ ನಡೆದೀತು, ಬೇರೆ ಬಸ್ಸು ತಗ್ಗಿನಲ್ಲಿ ಎಗರಿದರೆ ಕಾಲಿಗೆ ಕರೆಂಟ್ ಹೊಡೆದ ಹಾಗೆ. ಅಂಕಿ ಏರಿಸಿದೆ; ಜುಮ್ಮು ನೋವಿನ ಕಾಲು ಬಿಟ್ಟು ಪಕ್ಕೆಲುಬು ಹಿಡಿಯತೊಡಗಿತು. ಧಾರವಾಡ ದಾಟುತ್ತಲೇ ಸಿಗುವ ನವಲೂರು ಬರುವಷ್ಟರಲ್ಲಿ ಸೀಟು ಹುಡುಕುತ್ತಿದ್ದೆ. ಊಟಕ್ಕೆ ಒಂದೇ ರೊಟ್ಟಿ.

ಮಾತ್ರೆಯ ಕಥೆ ಸಣ್ಣದು. ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್ ಡೋಸ್ ಹೆಚ್ಚಿಸಿದರು. ಉರಿ ತುಸು ತಗ್ಗಿತು, ಪಾದ ಬಾತು ಚಪ್ಪಲಿ ಬಿಗಿಯಾಯಿತು, ಗಲ್ಲೆಯ ಮೇಲೆ ತೂಕಡಿಸುತ್ತ ಒಂದೇ ಐನೂರರ ನೋಟಿಗೆ ಎರಡು ಸಲ ಚಿಲ್ಲರೆ ಕೊಟ್ಟೆ. ಮತ್ತೆ ಹಳೆಯ ಡೋಸಿಗೇ ಇಳಿಸಿದರು.

ಮೂರನೆಯದು, ಡಾಕ್ಟರನ್ನು ಕೇಳಿಯೇ, ಮಷೀನನ್ನು ಎರಡು ವಾರ ಬಂದ್ ಮಾಡಿದ್ದು. ಅವರು ಇದಕ್ಕೆ ‘ರಜೆ’ ಅನ್ನುತ್ತಾರೆ. ಎಂಥ ರಜೆಯೋ! ಹೇಗೂ ಕೆಲಸ ಮಾಡುತ್ತಿಲ್ಲವಲ್ಲ, ಬಂದ್ ಮಾಡಿದರೆ ಏನಾದೀತು ಅಂದುಕೊಂಡಿದ್ದೆ. ಮೂರನೇ ರಾತ್ರಿಯೇ ಗೋಡೆ ಹಿಡಿದು ನಡೆಯಬೇಕಾಯಿತು. ಸತ್ತಿದೆ ಎಂದು ನಾನು ಬೈಯುತ್ತಿದ್ದ ಮಷೀನು ಅಷ್ಟು ದಿನ ಎಷ್ಟು ಭಾರ ಹೊತ್ತಿತ್ತು ಎಂಬುದು ಆಗ ಗೊತ್ತಾಯಿತು. ತಿರುಗಿ ಹಚ್ಚಿದಾಗ ಕಡಿಮೆ ಅಂಕಿಗೇ ಹಿಡಿತ ಸಿಕ್ಕಿತು, ಐದು ವಾರ. ಆಮೇಲೆ ಮತ್ತದೇ.

ನಾಲ್ಕನೆಯದು 10,000 ಹರ್ಟ್ಜ್. ಎಲ್ಲ ಮಷೀನಿನಲ್ಲೂ ಇದು ಇರುವುದಿಲ್ಲ, ನನ್ನದರಲ್ಲಿ ಇತ್ತು. ಬೆಂಗಳೂರಿನಿಂದ ಪ್ರೋಗ್ರಾಂ ಮಾಡುವ ಹುಡುಗ ಬರುವುದಕ್ಕೆ ಎರಡು ತಿಂಗಳು ಕಾದೆ. ಮೂರು ಸಲ ತಾರೀಖು ಮುಂದೆ ಹಾಕಿದರು, ಆ ಸಿಟ್ಟು ಇನ್ನೂ ಇಳಿದಿಲ್ಲ. ಇದರಲ್ಲಿ ಜುಮುಜುಮು ಇಲ್ಲವೇ ಇಲ್ಲ. ಮೊದಲ ವಾರ ರಿಮೋಟ್ ತೆಗೆದು ತೆಗೆದು ನೋಡಿದೆ, ಚಾಲೂ ಇದೆಯೋ ಇಲ್ಲವೋ ಎಂದು. ಎಂಟನೇ ದಿನ ಊಟಕ್ಕೆ ಕೂತಾಗ ಹೆಂಡತಿ ಅಂದಳು: “ಏನ್ರೀ, ಇವತ್ತ ಮೂರನೇ ರೊಟ್ಟಿ ಕೇಳಾಕತ್ತೀರಿ, ನೆಲಕ್ಕ ಕುಂತು ಎಷ್ಟೊತ್ತಾತು ನೋಡ್ರಿ!” ನನಗೆ ಲಕ್ಷ್ಯವೇ ಇರಲಿಲ್ಲ.

ಇದಕ್ಕೂ ತಾಪತ್ರಯ ಇದೆ. ಮೊದಲು ವಾರಕ್ಕೊಮ್ಮೆ ಚಾರ್ಜ್ ಮಾಡುತ್ತಿದ್ದೆ, ಈಗ ದಿನಾಲೂ ಮುಕ್ಕಾಲು ತಾಸು ನಡಕ್ಕೆ ಬೆಲ್ಟ್ ಕಟ್ಟಿಕೊಂಡು ಕೂರಬೇಕು. ಬ್ಯಾಟರಿ ಇರುವ ಕಡೆ ಚರ್ಮ ಬೆಚ್ಚಗಾಗುತ್ತದೆ. ಮದುವೆ-ಮುಂಜಿಗೆ ಊರಿಗೆ ಹೋದರೆ ಅರಿವೆ ಚೀಲಕ್ಕಿಂತ ಮೊದಲು ಚಾರ್ಜರ್. ಸೊಂಟದ ನೋವಿಗೆ ಇದು ಮುಟ್ಟಿದಷ್ಟು ಪಾದದ ಉರಿಗೆ ಮುಟ್ಟಿಲ್ಲ. ಪಾದಕ್ಕೆ ಹಳೆಯ ಜುಮುಜುಮೇ ವಾಸಿ. ಹಾಗಾಗಿ ಹಳೆಯ ಪ್ರೋಗ್ರಾಂ ಅಳಿಸಬೇಡಿರಿ ಎಂದು ಹೇಳಿ ರಿಮೋಟಿನಲ್ಲಿ ಉಳಿಸಿಕೊಂಡಿದ್ದೇನೆ. ಉರಿ ತೀರ ಕೆರಳಿದ ರಾತ್ರಿ, ಮಗ್ಗಲಾಗಿ ಮಲಗಿ, ಅದಕ್ಕೆ ಹೊರಳುತ್ತೇನೆ.

ಹೊಸ ತಂತಿ ಹಾಕಿಸುವ ಮಾತನ್ನು ಡಾಕ್ಟರು ಎತ್ತಿದ್ದಾರೆ. ಮತ್ತೊಮ್ಮೆ ಬೆನ್ನು ಕೊಯ್ಯಿಸಿಕೊಳ್ಳಲು ಇನ್ನೂ ಮನಸ್ಸಾಗಿಲ್ಲ. ಸದ್ಯ ಹುಬ್ಬಳ್ಳಿ ಸಮೀಪಿಸಿದಾಗ ಬರುವ ಉಣಕಲ್‌ತನಕ ನಿಂತೇ ಹೋಗುತ್ತೇನೆ. ಅಲ್ಲಿಂದಾಚೆ ಕಾಲೇಜಿನ ಹುಡುಗರು ಎದ್ದು ಸೀಟು ಕೊಟ್ಟರೆ ಬ್ಯಾಡ ಅನ್ನುವುದಿಲ್ಲ.